ಸೇತುವೆಯ ಮೂರನೇ ಮಾರ್ಚ್ ಹದಿನಾಲ್ಕು

ಪುರಸಭೆಯಲ್ಲಿ ಮೈಕಿನ ಉಸ್ತುವಾರಿ ಹೊತ್ತಿದ್ದ ಗುಮಾಸ್ತೆಯನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಆಕೆ ಊರಿನ ದೊಡ್ಡ ಮನುಷ್ಯರ ದನಿಯನ್ನು ಚೌಕದ ಮೂಲೆಮೂಲೆಗೂ ಮುಟ್ಟಿಸಿದ್ದಳು. ದನಿಯ ಜೊತೆ ವಿಷಯವೂ ಇರಬೇಕೆಂಬ ನಿಯಮ ಪುರಸಭೆಯ ಯಾವ ಕಡತದಲ್ಲೂ ಇರಲಿಲ್ಲ.

ವರ್ಷಕ್ಕೊಮ್ಮೆ ಆಕೆಗೆ ತಲೆ ಚಿಟ್ಟು ಹಿಡಿಯುತ್ತಿದ್ದ ದಿನ ಮಾರ್ಚ್ ಹದಿನಾಲ್ಕು. ಊರಿನ ಸೇತುವೆಗೂ ಆ ತಾರೀಖಿಗೂ ಏನೋ ನಂಟು. ಮೊದಲ ಯುದ್ಧದಲ್ಲಿ ಅದೇ ದಿನ ನಮ್ಮ ಸೈನ್ಯ ಸೇತುವೆಯನ್ನು ಗೆದ್ದಿತು. ಎರಡನೆಯದರಲ್ಲಿ ಅದೇ ದಿನ ಕಳೆದುಕೊಂಡಿತು. ಗೆದ್ದದ್ದಕ್ಕೊಂದು ವಿಜಯ ಸಮಿತಿ, ಸೋತದ್ದಕ್ಕೊಂದು ಹುತಾತ್ಮರ ಸಮಿತಿ. ಇಬ್ಬರಿಗೂ ಬೇಕಾದದ್ದು ಅದೇ ಚೌಕ, ಅದೇ ಮೈಕು, ಅದೇ ಹನ್ನೊಂದು ಗಂಟೆ.

ಮೂರನೆಯ ಯುದ್ಧದಲ್ಲೂ ಅದೇ ತಾರೀಖಿನಂದು, ಶತ್ರು ಬಂದೇಬಿಟ್ಟನೆಂದು ಹೆದರಿ ನಮ್ಮವರೇ ಸೇತುವೆಯನ್ನು ಸಿಡಿಸಿದರು. ಶತ್ರು ಅರವತ್ತು ಮೈಲಿ ಆಚೆಗಿದ್ದ. ಇತ್ತ ಬರುವ ಯೋಚನೆಯೂ ಅವನಿಗಿರಲಿಲ್ಲ. ಸೇತುವೆಯ ಮೇಲೆ ಹೋಗುತ್ತಿದ್ದದ್ದು ಒಂದು ಹಾಲಿನ ವ್ಯಾನು. ಅದರ ಚಾಲಕ ಮೈಕಕ್ಕನ ಅಪ್ಪ. ಆಗ ಆಕೆಗೆ ನಾಲ್ಕು ವರ್ಷ. ಈ ಸಾಹಸಕ್ಕೆ ಮಾತ್ರ ಯಾರೂ ಸಮಿತಿ ಕಟ್ಟಲಿಲ್ಲ.

ಒಂದು ಸಲ ಹುತಾತ್ಮರ ಮೌನಾಚರಣೆಯ ನಟ್ಟನಡುವೆ ವಿಜಯದ ಬ್ಯಾಂಡು ಮೊಳಗಿ, ಎರಡು ಸಮಿತಿಯ ಹಿರಿಯರು ಕೊಡೆಗಳಲ್ಲಿ ಬಡಿದಾಡಿಕೊಂಡರು. ಮರುವರ್ಷ ಪುರಸಭೆಯ ಅಧ್ಯಕ್ಷರು ಜಂಟಿ ಸಮಾರಂಭಕ್ಕೆ ಅಪ್ಪಣೆ ಮಾಡಿ, ಆ ದಿನದ ಚಾರಿತ್ರಿಕ ಘಟನೆಗಳ ಪಟ್ಟಿಯನ್ನು ಮೈಕಕ್ಕನಿಂದ ಬರೆಸಿದರು. ಆಕೆ ಮೂರು ಸಾಲು ಬರೆದುಕೊಟ್ಟಳು.

ಅಧ್ಯಕ್ಷರು ಕನ್ನಡಕ ಏರಿಸಿದರು. "ಮೂರನೇದು ಯಾಕಮ್ಮಾ? ಅದು ಅಪಘಾತ."

"ಯುದ್ಧ ನಡೀತಿತ್ತಲ್ಲ ಸಾರ್?"

"ನಡೀತಿತ್ತು. ಆದ್ರೆ ಅಲ್ಲಿ ಶತ್ರು ಇರ್ಲಿಲ್ವಲ್ಲ."

"ನಮ್ಮಪ್ಪ ಇದ್ರು."

ಅಧ್ಯಕ್ಷರು ಕೆಂಪು ಶಾಯಿಯಲ್ಲಿ ಮೂರನೆಯ ಸಾಲನ್ನು ಹೊಡೆದುಹಾಕಿದರು.

ಸಮಾರಂಭದ ದಿನ ಪಟ್ಟಿ ಓದುವ ಕೆಲಸವೂ ಆಕೆಯ ಪಾಲಿಗೇ ಬಂತು. ಮೊದಲೆರಡು ಸಾಲು ಓದಿದಳು. ನೀರಿನ ಸರಬರಾಜಿನ ವೇಳೆ ಸಾರುವ ದನಿಯಲ್ಲೇ ಮುಂದುವರಿಸಿದಳು: "ಮೂರನೇ ಯುದ್ಧ. ಸೇತುವೆಯನ್ನು ನಮ್ಮ ಸೈನ್ಯವೇ ಸಿಡಿಸಿತು. ಸತ್ತವರು ಒಬ್ಬರು, ಹಾಲಿನ ವ್ಯಾನಿನ ಚಾಲಕರು. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕು."

ಎದ್ದು ನಿಲ್ಲಿ ಎಂದರೆ ನಿಲ್ಲುವುದು ಜನರಿಗೆ ರೂಢಿ. ಇಡೀ ಚೌಕ ಎದ್ದಿತು. ಅಧ್ಯಕ್ಷರೂ ಹಲ್ಲು ಕಚ್ಚಿಕೊಂಡು, ಎದೆಯ ಮೇಲೆ ಕೈಯಿಟ್ಟು ನಿಂತರು. ಸಿಟ್ಟಿನಲ್ಲಿ ಕೆಂಪೇರಿದ ಅವರ ಮುಖ ಮರುದಿನದ ಪತ್ರಿಕೆಯಲ್ಲಿ "ದುಃಖತಪ್ತ ಅಧ್ಯಕ್ಷರು" ಎಂದು ಅಚ್ಚಾಯಿತು.

ಮೈಕಕ್ಕನಿಗೆ ನೋಟಿಸು ಬಂತು, ಅದರ ಬೆನ್ನಿಗೇ ಜನನ ಮರಣ ವಿಭಾಗಕ್ಕೆ ವರ್ಗವೂ ಆಯಿತು. ಅಷ್ಟರಲ್ಲಿ ಊರವರು ಹಾಲಿನವನ ಕತೆಗೆ ಕಣ್ಣೀರು ಹಾಕತೊಡಗಿದ್ದರು. ಚುನಾವಣೆ ಹತ್ತಿರವಿತ್ತು. ವರ್ಷ ತಿರುಗುವುದರೊಳಗೆ ಮೂರನೆಯ ಸಮಿತಿ ಹುಟ್ಟಿತು. ಅದರ ಅಧ್ಯಕ್ಷರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಮಾರ್ಚ್ ಹದಿನಾಲ್ಕರಂದು ಮೈಕಕ್ಕನ ಎಂಬತ್ತು ದಾಟಿದ ಅಮ್ಮನನ್ನು ವೇದಿಕೆಯ ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಮಗಳು. ಅಧ್ಯಕ್ಷರು ಗದ್ಗದಿತರಾಗಿ ಹೇಳಿದರು: "ಪ್ರಾಣದ ಹಂಗು ತೊರೆದು ಸೈನಿಕರಿಗೆ ಮದ್ದುಗುಂಡು ಸಾಗಿಸಿದ ವೀರ!"

ಚಪ್ಪಾಳೆ ಇನ್ನೇನು ಬೀಳಬೇಕು, ಅಮ್ಮ ಮಗಳ ಕಡೆ ತಿರುಗಿದರು. ಕಿವಿ ಮಂದವಾದವರ ಪಿಸುಮಾತು ಊರಿಗೆಲ್ಲ ಕೇಳಿಸುತ್ತದೆ.

"ಏನಂತೆ ಇವ್ನು ಹೇಳೋದು? ಅವ್ರು ತಗೊಂಡ್ ಹೋಗ್ತಿದ್ದಿದ್ದು ಹಾಲು. ಹೋಗ್ಬೇಡಿ, ಗಲಾಟೆ ಇದೆ ಅಂತ ನಾನಂದ್ರೆ, ಹಾಲು ಒಡೆದ್ಹೋಗತ್ತೆ ಕಣೇ ಅಂದ್ರು."

ಯಾರೂ ಮೌನ ಆಚರಿಸಿ ಎಂದು ಹೇಳಿರಲಿಲ್ಲ. ಆದರೂ ಚೌಕ ಬಹಳ ಹೊತ್ತು ಸುಮ್ಮನಿತ್ತು. ಮೈಕಕ್ಕ ಅಮ್ಮನ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ವೇದಿಕೆಯ ಮೇಲಿದ್ದ ಅಪ್ಪನ ಫೋಟೋಗೆ ಹಾರ ಹಾಕದೆ, ಸಮಿತಿಯವರ ಕಾರನ್ನೂ ಹತ್ತದೆ, ನಿಧಾನವಾಗಿ ನಡೆದು ಮನೆ ಸೇರಿದರು.