ಅಂಬಿಕಾನಗರದಲ್ಲಿ ಅಳದ ಕೂಸು

"ಕೂಸು ನಿಮ್ಮ ಮಾರಿ ನೋಡವಲ್ದಲ್ರೀ!"

ಮಗಳ ತೂಕ ನೋಡುತ್ತಿದ್ದ ಅಂಗನವಾಡಿಯ ರೋಜಿ ಅಕ್ಕೋರು ಹೀಗೆಂದಾಗ ಬೆಚ್ಚಿಬಿದ್ದೆ. ನಮ್ಮ ಕೊಳ್ಳೇಗಾಲದಲ್ಲಿ ಮಾರಿ ಎಂದರೆ ಊರದೇವತೆ, ಇಲ್ಲವೇ ಬೈಗುಳ. ಇಲ್ಲಿ ಬರೀ ಮುಖ. ಅಕ್ಕೋರು ಎಂದರೆ ಟೀಚರು. ಅರ್ಥ ತಿಳಿದ ಮೇಲೆ ಇನ್ನೂ ಭಯವಾಯಿತು. ಅವರು ಹೇಳಿದ್ದು ನಿಜ, ಮಗಳು ನನ್ನ ಮುಖ ನೋಡುತ್ತಲೇ ಇರಲಿಲ್ಲ.

ಗಂಡನಿಗೆ ವಿದ್ಯುದಾಗಾರದಲ್ಲಿ ಪಾಳಿ ಕೆಲಸ. ಮೂರು ತಿಂಗಳ ಮಗಳೊಂದಿಗೆ ಇಲ್ಲಿನ ಕ್ವಾರ್ಟರ್ಸಿಗೆ ಬಂದಾಗ ನನಗೆ ಯಾರ ಪರಿಚಯವೂ ಇರಲಿಲ್ಲ. ಊರಲ್ಲಿ ಮಗು ಮುಲುಗಿದರೆ ನಾಲ್ಕು ಜೋಡಿ ಕೈ ಬರುತ್ತಿದ್ದವು. ಇಲ್ಲಿ ಬಾಗಿಲು ಹಾಕಿದರೆ ಗೋಡೆ, ಫ್ಯಾನು, ಕಿಟಕಿಯಾಚೆ ಸಾಗುವಾನಿ. ಅವಳು ಅಳುವುದು ಕೇಳಿಸುತ್ತಿತ್ತು. ಏಳಲು ನನ್ನಿಂದ ಆಗುತ್ತಿರಲಿಲ್ಲ. ಹೊತ್ತಿಗೆ ಹಾಲು ಕೊಡುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಒಂದು ಮಾತೂ ಆಡುತ್ತಿರಲಿಲ್ಲ. ಬರಬರುತ್ತಾ ಅವಳು ಅಳುವುದನ್ನೇ ಬಿಟ್ಟಳು. "ಭಾಳ ಶಾಣ್ಯಾ ಕೂಸು" ಎಂದು ಪಕ್ಕದ ಮನೆಯವರು ಹೊಗಳಿದರು.

ಹಳಿಯಾಳ ಕಡೆಯ ಸಿದ್ದಿ ಹೆಂಗಸು ರೋಜಿ ಹೊಗಳಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕುಳಿತರು.

"ತೂಕ ಬರೋಬ್ಬರಿ ಐತಿ. ನೀವು ಊಟಾ ಮಾಡೀರೇನ್ರೀ?"

ಅಷ್ಟಕ್ಕೇ ಅತ್ತುಬಿಟ್ಟೆ. "ಇವಳು ನನ್ನ ಮಗು ಅಂತ ಅನ್ನಿಸ್ತಾನೇ ಇಲ್ಲ" ಎಂದೆ. ಗಂಡನಿಗೂ ಹೇಳದ ಮಾತು.

ಅವರು ಬೈಯಲಿಲ್ಲ. "ಮೊದಲ ನಿಮ್ಮನ್ನ ತೋರಸ್ಬೇಕು. ದಾಂಡೇಲಿಗೆ ಹೋಗೂಣು, ನಾನೂ ಬರ್ತೇನಿ."

ದಾಂಡೇಲಿಯ ವೈದ್ಯೆ ಇದು ಬಾಣಂತಿಯರಿಗೆ ಬರುವ ಖಿನ್ನತೆ ಎಂದು ಮಾತ್ರೆ ಬರೆದರು. "ಕೂಸಿನ ಮನಸ್ಸಿಗೆ ಬ್ಯಾರೆ ಔಷಧ ಇಲ್ಲರೀ. ನೀವ ಔಷಧ" ಎಂದರು. ಧೈರ್ಯಕ್ಕೆ ಹೇಳಿದ್ದು, ನನಗೆ ಕಲ್ಲು ಹೊರಿಸಿದಂತಾಯಿತು.

ರೋಜಿ ಕಲಿಸಿದ್ದು ಇಷ್ಟೇ: ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದು ಮಾಡಿದ ಸದ್ದನ್ನೇ ತಿರುಗಿ ಮಾಡುವುದು, ಆಮೇಲೆ ಕಾಯುವುದು. ನಾನು "ಊಂ" ಎಂದೆ. ಅವಳು ಫ್ಯಾನು ನೋಡಿದಳು. ದಿನಗಟ್ಟಲೆ ಫ್ಯಾನನ್ನೇ ನೋಡಿದಳು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದಾಗ ಒಳಗಿನಿಂದ ಕಿರುಚಿದಳು. ಓಡಿಬಂದೆ. ನನ್ನನ್ನು ಕಂಡದ್ದೇ ಅಳು ನಿಂತಿತು; ಒಂದು ಉಸಿರಿನಷ್ಟು ಹೊತ್ತು ನನ್ನನ್ನೇ ನೋಡಿದಳು. ಮರುದಿನ ಮತ್ತೆ ಫ್ಯಾನು.

ಈಗ ಅವಳಿಗೆ ಹನ್ನೊಂದು ತಿಂಗಳು. ಕೆಲವು ದಿನ ನನ್ನನ್ನು ಹುಡುಕುತ್ತಾಳೆ; ಕೆಲವು ದಿನ ನಾನೇ ಅವಳಿಗೆ ಸಿಗುವುದಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಅಮ್ಮ, "ಇಲ್ಲೇ ಬುಟ್ಟೋಗು ಕನವ್ವ, ನಾ ಸಾಕ್ತೀನಿ" ಎಂದು ಕೈ ಚಾಚಿದಳು. ಮಗಳು ಚೀರಿ ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅಮ್ಮನ ಕೈಗಳು ಹಾಗೇ ಚಾಚಿಕೊಂಡಿದ್ದವು. ಅವುಗಳೊಳಗೆ ನಾನೇ ಹೋಗಿ ಬೀಳಬೇಕೆನಿಸಿತು.