ಎರ್ರಿಯಪ್ಪನ ಹದಿನೈದು ಮಂದಿ

ಕಮಲಾಪುರದ ಎರ್ರಿಯಪ್ಪನ ಜೊತೆ ಹನ್ನೊಂದು ವರ್ಷ ಹುಲಿ-ಕುರಿ ಆಟ ಆಡಿದ ಮನುಷ್ಯ ನಾನೊಬ್ಬನೇ. ಉಳಿದವರು ಒಂದೇ ದಿನಕ್ಕೆ ಕೈಮುಗಿದು ಎದ್ದುಹೋದರು. ಅವರಿಗಿದ್ದ ಬುದ್ಧಿ ನನಗಿರಲಿಲ್ಲ.

ನಮ್ಮಿಬ್ಬರ ಗದ್ದೆ ಅಕ್ಕಪಕ್ಕ. ಎಂಟು ದಿನಕ್ಕೊಮ್ಮೆ ಕಾಲುವೆ ನೀರಿನ ಪಾಳಿ. ಮೊದಲು ಅವನದು, ಆಮೇಲೆ ನನ್ನದು. ಅಲ್ಲಿಯ ತನಕ ಕಾಲುವೆ ಪಕ್ಕದ ಮಂಟಪದಲ್ಲಿ ಕಾಯಬೇಕು. ಅದರ ಹಾಸುಗಲ್ಲಿನ ಮೇಲೆ ಆಟದ ಮನೆ ಯಾರೋ ಕೊರೆದಿಟ್ಟಿದ್ದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿ ಕದಲದಂತೆ ಮಾಡಬೇಕು. ಲೋಕವೆಲ್ಲ ಆಡುವುದು ಹೀಗೆ. ಎರ್ರಿಯಪ್ಪನಿಗೆ ಇದು ಸಪ್ಪೆ.

"ಕುರಿ ಅಂದ್ರ ಎಲ್ಲಾ ಒಂದ ಆಗ್ತಾವೇನಲೇ ಗಾದಿಲಿಂಗ?" ಎಂದು ಶುರುಮಾಡಿದ. ಹುಲಿಗಳನ್ನು ದೆವ್ವ ಮಾಡಿದ, ಕುರಿಗಳನ್ನು ಊರ ಮಂದಿ ಮಾಡಿದ. ದೆವ್ವ ಮೂರೂ ನನ್ನ ಪಾಲಿಗೆ. ಅರಿಶಿನ ಬಳಿದ ಹುಣಸೆಬೀಜ ಸೂಲಗಿತ್ತಿ. ಆಟಕ್ಕೊಮ್ಮೆ ಒಬ್ಬರ ಜೀವ ಉಳಿಸಬಲ್ಲಳು. ಕರಿ ಉಣ್ಣೆ ಸುತ್ತಿದ್ದು ಕುರಿಗಾರ. ಕಂಬಳಿ ಹೊದ್ದರೆ ದೆವ್ವಕ್ಕೆ ಕಾಣಿಸುವುದಿಲ್ಲ. ಸಂಡೂರಿನಿಂದ ತಂದ ಅದಿರಿನ ಚೂರು ಗಣಿ ಕೂಲಿ. ಅವನನ್ನು ತಿನ್ನಲು ಎರಡು ದೆವ್ವ ಬೇಕು. ಹೀಗೆ ಎಲ್ಲರಿಗೂ ಹೆಸರು, ಕಸುಬು, ಶಕ್ತಿ. ಸತ್ತವರನ್ನು ಮಾತ್ರ ಮತ್ತೆ ಆಡಿಸುತ್ತಿರಲಿಲ್ಲ, ಕಾಲುವೆಗೆ ಬಿಡುತ್ತಿದ್ದ. ಆಮೇಲೆ ಹೊಸಬನಿಗೆ ಬಣ್ಣ ಬಳಿದು, ದಾರ ಸುತ್ತಿ, ಹೆಸರಿಡುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗುತ್ತಿತ್ತು.

ಇಷ್ಟೆಲ್ಲ ಮಾಡಿ ಹತ್ತು ವರ್ಷದಲ್ಲಿ ಒಮ್ಮೆಯಾದರೂ ಗೆದ್ದನೇ? ಇಲ್ಲ. ಒಬ್ಬನನ್ನು ಕೊಟ್ಟು ನಾಲ್ವರನ್ನು ಉಳಿಸಿಕೊಳ್ಳುವ ಕಡೆಯೂ ಅವನ ಕೈ ಮುಂದಾಗುತ್ತಿರಲಿಲ್ಲ. "ಒಂದ್ ಸರ್ತಿ ಊರು ಉಳಸಬೇಕಲೇ" ಎನ್ನುವುದೊಂದೇ ಹಂಬಲ. ಹುಣಸೆಬೀಜಗಳ ಮೇಲೆ ಅಷ್ಟು ಅಂತಃಕರಣ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಇಬ್ಬರೂ ಭತ್ತದ ಸಸಿಮಡಿ ಹಾಕಿದ್ದೆವು. ಬಿಸಿಲು ಜೋರಿತ್ತು, ಒಂದು ಪಾಳಿ ತಪ್ಪಿದರೆ ಮಡಿ ಹೋದಂತೆಯೇ. ಒಂದು ಪಾಳಿಯ ದಿನ ಎರ್ರಿಯಪ್ಪ ಹೊಸ ಕಾಯ್ದೆ ತಂದಿದ್ದ: ಮೂರು ಆಟ ಬದುಕಿ ಉಳಿದವರಿಗೆ ಇನ್ನೊಂದು ಶಕ್ತಿ. ಯಾರು ಎಷ್ಟು ಆಟ ಬದುಕಿದ್ದರೆಂದು ಅವನು ವಿವರಿಸಿ ಮುಗಿಸುವಷ್ಟರಲ್ಲಿ ನಾನು ರೋಸಿಹೋಗಿದ್ದೆ. ಆಟ ಅರ್ಧಕ್ಕೆ ಬಂದಾಗ ನೀರು ಬಿಡುವ ನೀರಗಂಟಿ ಜಂಬಯ್ಯ ಕಾಲುವೆ ಏರಿಯ ಮೇಲಿಂದ ಕೂಗಿದ.

"ಎರ್ರಿಯಪ್ಪಣ್ಣಾ, ನಿಂದು ಪಾಳಿ!"

ಆಟದಲ್ಲೂ ನಾವು ಪಾಳಿ ಎಂದೇ ಅನ್ನುವುದು. ಎರ್ರಿಯಪ್ಪ ತಲೆ ಎತ್ತಲಿಲ್ಲ. "ಗೊತ್ತೈತಿ, ತಡಿ, ವಿಚಾರ ಮಾಡಾಕತ್ತೀನಿ."

"ಹಂಗಾರ ಮುಂದಕ್ಕ ಬಿಡ್ಲೇನು?"

"ಬಿಡಪ್ಪ, ತಲಿ ತಿನಬ್ಯಾಡ."

ಮುಂದಿನವನು ನಾನು. ನನಗೆ ಎಲ್ಲ ಅರ್ಥವಾಗಿತ್ತು. ಹೇಳಬೇಕಿತ್ತು. ಹನ್ನೊಂದು ವರ್ಷದ ರೇಜಿಗೆ ಹೇಳಲು ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ಮೂರು ದೆವ್ವಗಳೂ ಕದಲದಂತಾದವು. ಎರ್ರಿಯಪ್ಪ ಎದ್ದು ಮಂಟಪದ ತುಂಬ ಕುಣಿದ.

ಮುಂದಿನ ಪಾಳಿಯ ಹೊತ್ತಿಗೆ ಅವನ ಮಡಿ ಒಣಗಿ ನೆಲಕಚ್ಚಿತ್ತು. ನನ್ನದು ಹಸಿರಾಗಿತ್ತು, ನೋಡಲು ನನಗೇ ನಾಚಿಕೆ. ನಾಟಿಗೆ ಬಂದಾಗ ಅರ್ಧ ಸಸಿ ಕಿತ್ತು ಗಾಡಿಗೆ ಹಾಕಿ, ತಪ್ಪು ಒಪ್ಪಿಕೊಂಡೇಬಿಡೋಣ ಎಂದು ಅವನ ಮನೆಗೆ ಹೋದೆ.

ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಹಂಪಕ್ಕ, "ಮಡಿ ಹೋತು ಅನ್ನೋ ಚಿಂತಿನ ಇಲ್ಲ ನೋಡಣ್ಣ ಈ ಮನುಷ್ಯಗ. ಕಂಡಕಂಡೋರ ಮುಂದ ಊರು ಉಳಿಸಿದೆ ಅಂತ ಹೇಳ್ಕೊಂತ ತಿರುಗ್ತಾನ" ಎಂದಳು.

ಎರ್ರಿಯಪ್ಪ ನನ್ನ ಕೈ ಹಿಡಿದುಕೊಂಡ. "ಮಡಿ ಹೋದ್ರ ಮತ್ತ ಹಾಕಬೌದು ಬಿಡು. ಒಂದ್ ಮಾತು ಖರೇ ಹೇಳಲೇ. ಅವತ್ತು ನೀ ಬೇಕಂತ ಸೋಲ್ಲಿಲ್ಲ, ಹೌದಲ್ಲ?"

"ಇಲ್ಲೋ ಮಾರಾಯ" ಎಂದೆ.

ಸುಳ್ಳಲ್ಲ ಅದು. ಬೇಕೆಂದು ಸೋತಿರಲಿಲ್ಲ. ಅವತ್ತು ನನ್ನ ಕಣ್ಣು ಆಟದ ಮೇಲೆ ಇರಲೇ ಇಲ್ಲ, ಅವನ ಗದ್ದೆ ದಾಟಿ ನನ್ನ ಗದ್ದೆಗೆ ಹರಿಯುತ್ತಿದ್ದ ನೀರಿನ ಮೇಲಿತ್ತು.