ಆಸ್ಪತ್ರೆಗೆ ಒಯ್ದ ಕಂಬಳಿ

"ಆ ಕಂಬಳಿ ಹೊರಗಿಡ್ರಿ, ವಾಸ್ನೆ!" ಎಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಗದರಿದರು. ಅಷ್ಟರಲ್ಲಿ, ಮಾತೇ ನಿಂತುಹೋದಂತೆ ಮಲಗಿದ್ದ ನನ್ನ ಗೆಳೆಯ, ಕುರಿ ಕಾಯುವ ಕರಿಯಪ್ಪ, ಅದನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ತೆರೆದ.

"ಲೇ, ಕುರಿ ಈದೈತೆ ಕಣೋ. ಮರಿ ಹಾಲು ಕುಡೀತಾ?"

ನನಗೇನು ಗೊತ್ತು? ಹೊಳಲ್ಕೆರೆ ಕಡೆಯ ನಮ್ಮೂರಿಗೆ ಆಗ ಬಸ್ಸಿರಲಿಲ್ಲ. ನಾನು ಸೈಕಲ್ ಹತ್ತುವಾಗ ಅವನ ಹೆಂಡತಿ ಕಂಬಳಿಯನ್ನು ಕ್ಯಾರಿಯರಿಗೆ ಕಟ್ಟಿದ್ದಳು, ಅಷ್ಟೆ. "ಕುಡೀತು" ಎಂದುಬಿಟ್ಟೆ. ಅವನು ನಕ್ಕ.

ಹೇಳಿದ್ದು ಸುಳ್ಳಾದರೆ ಎಂಬ ಭಯದಲ್ಲಿ ನೇರ ಅವನ ಮನೆಗೇ ಸೈಕಲ್ ತುಳಿದೆ. ಅಂದು ಬೆಳಿಗ್ಗೆ ಹುಟ್ಟಿದ ಹೆಣ್ಣು ಮರಿಯನ್ನು ಅದೇ ಕಂಬಳಿಯಲ್ಲಿ ಒರೆಸಿದ್ದರಂತೆ. ಮರಿ ಹಾಲು ಕುಡಿಯುತ್ತಿತ್ತು.

ಕರಿಯಪ್ಪ ಮನೆಗೆ ಬರಲಿಲ್ಲ, ಕಂಬಳಿ ಬಂತು. ಆ ಮರಿ ಬೆಳೆದು ಮೊದಲ ಸಲ ಈದಾಗ, ಅದರ ಮರಿಯನ್ನು ಆ ಕಂಬಳಿಯಲ್ಲಿ ಒರೆಸಿದವನು ನಾನು.